ಆಯುವ ಕೈ

ಕ್ಯೂರಿಂಗ್ ವರ್ಕ್ಸಿನ ಊಟದ ಷೆಡ್ಡಿನಲ್ಲಿ ಇವತ್ತು
ಟಿಫನ್ ಕ್ಯಾರಿಯರು ಸರಿಸಿ ಪರದೆ ಕಟ್ಟಿದ್ದಾರೆ.
ಚಿಕ್ಕಮಗಳೂರು ದೊಡ್ಡಾಸ್ಪತ್ರೆಯ ಸಿಸ್ಟರ್ ಫ್ಲೋರಿನ್,
ಮೊಣಕಾಲ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ,
ಹಾಳೆ ತುಂಬ ಸಣ್ಣ ಸಣ್ಣ ಚೌಕ.

ದೊಡ್ಡವಳಾಗಿದ್ದು ಯಾವಾಗ?
ಐದನೇ ಕ್ಲಾಸು. ಸ್ಲೇಟನ್ನು ಹಿಂದಕ್ಕೆ ಹಿಡಿದು
ಮನೆವರೆಗೂ ನಡೆದಿದ್ದೆ.
ಹನ್ನೊಂದು, ಅಂತ ಬರೆದುಕೊಂಡರು.

ನಿಂತಿದ್ದು?
ಹೋದ ಸಂಕ್ರಾಂತಿಗೆ. ಐವತ್ತಾರು ತುಂಬಿತ್ತು.
ಇನ್ನೊಂದು ಗೀಟು.

ಮಕ್ಕಳು?
ಇಲ್ಲ.
ಈ ಇಲ್ಲವನ್ನು ಎಷ್ಟು ಸಲ ಹೇಳಿದ್ದೇನೋ,
ಬಾಗಿನದ ಮೊರ ನನ್ನನ್ನು ದಾಟಿ
ಪಕ್ಕದವಳ ಮಡಿಲಿಗೆ ಹೋಗುವಾಗ
ಬಾಯಿ ಬಿಡದೆಯೂ ಹೇಳಿದ್ದೇನೆ.
ಪೆನ್ನನ್ನೇ ನೋಡುತ್ತಿದ್ದೆ.
"ತಪ್ಪು ಅಂತಲ್ಲ ದ್ಯಾವಕ್ಕ, ಲೆಕ್ಕ ಅಷ್ಟೆ."
ಬರೀ ಲೆಕ್ಕ ಅಂತ ಇಷ್ಟು ವರ್ಷ ಯಾರೂ ಅಂದಿರಲಿಲ್ಲ.

ಮನೆಯಲ್ಲಿ ಯಾರಿಗಾದರೂ?
ಪುಟ್ಟನಂಜಿ. ಅವ್ವನ ತಂಗಿ, ಸಖರಾಯಪಟ್ಟಣದಲ್ಲಿ.
ಹಾಲು ಕಟ್ಟಿದೆ ಅಂದರು, ದೃಷ್ಟಿ ಅಂದರು,
ಎಕ್ಕದೆಲೆ ಬಾಡಿಸಿ ಕಟ್ಟಿದರು.
ಕೊನೆಕೊನೆಗೆ ವಾಸನೆಗೆ ಊದಿನಕಡ್ಡಿ.
ಕಾಯಿಲೆಗೆ ಹಾಳೆಯಲ್ಲಿ ಜಾಗವಿದೆ.
ಊದಿನಕಡ್ಡಿಗೆ ಇಲ್ಲ.

ಪರದೆಯೊಳಗೆ ನನ್ನದು ಬೇಗ ಮುಗಿಯಿತು. ಏನೂ ಸಿಗಲಿಲ್ಲ.
ಆದರೂ ಗೀಟು ಜಾಸ್ತಿ, ಯಂತ್ರದಲ್ಲಿ ಒಂದು ಸಲ ನೋಡಿಸು
ಅಂತ ಚೀಟಿ ಕೊಟ್ಟರು.

ನನ್ನ ಹಿಂದೆ ಮೈಮೂನಾ.
ಇಪ್ಪತ್ತು ವರ್ಷ ಒಂದೇ ಮೇಜು, ಎದುರುಬದುರು.
ಐದು ಮಕ್ಕಳು, ಐದಕ್ಕೂ ಎರಡೆರಡು ವರ್ಷ ಎದೆಹಾಲು,
ನುಗ್ಗೆಕಾಯಿಯಂಥ ಮೈ, ಎಲೆಅಡಿಕೆ ಕೂಡ ಮುಟ್ಟಳು.
ಅವಳ ಹಾಳೆಯಲ್ಲಿ ಚೌಕವೆಲ್ಲ ಖಾಲಿ.
"ಫಸ್ಟ್ ಕ್ಲಾಸಲ್ಲಿ ಪಾಸು" ಅಂತ ನಗುತ್ತ ಒಳಗೆ ಹೋದಳು.

ಪರದೆಯಾಚೆ ಮಾತು ನಿಂತಿತು.
ಆ ನಿಲ್ಲೋದು ನನಗೆ ಗೊತ್ತು.
ಸಾವಿರ ಬೀಜದ ನಡುವೆ ಒಂದು ಕರಿದು
ಬೆರಳಿಗೆ ತಗುಲಿದಾಗ
ಕೈ ಹಾಗೇ ಒಂದು ಗಳಿಗೆ ನಿಲ್ಲುತ್ತದೆ.
ಕಣ್ಣಿಗೆ ತಿಳಿಯುವುದು ಆಮೇಲೆ.

ಹೊರಬಂದವಳು ಪಿನ್ನು ಹುಡುಕುತ್ತ ನಿಂತಳು.
ಪಿನ್ನು ಅವಳ ತುಟಿಯಲ್ಲೇ ಇತ್ತು.
"ನಂದು ಪಾಸಾಗಿತ್ತಲ್ಲೇ."

ಎರಡನೇ ಪಾಳಿಯ ಸೈರನ್ ಕೂಗಿತು.
ನಾಳೆ ಏಳೂ ಹತ್ತರ ಬಸ್ಸು, ಇಬ್ಬರೂ ಹೋಗೋದು, ಅಂದೆ.
ಅವಳ ಚೀಟಿ ಕಿತ್ತುಕೊಂಡು, ನನ್ನದರೊಳಗೆ ಮಡಿಸಿ
ರವಿಕೆಯಲ್ಲಿಟ್ಟುಕೊಂಡೆ.