ಎರಡು ಗ್ರಾಂ

ವೈಜೂ, ಸಾಲ್ಯಾಗ ಕೊಟ್ಟ ಆ ಹಾಳಿ
ಮೂರು ದಿನದಿಂದ ನನ್ನ ಗಲ್ಲಾದ ಮ್ಯಾಲ ಬಿದ್ದೈತಿ.
‘ಮುಂದೆ ಏನಾಗಬಯಸುವಿರಿ?’ ಖಾಲಿ ಗೆರಿ.
‘ನಿಮ್ಮ ವಿಶೇಷ ಗುಣ?’
ಅಲ್ಲಿ ನೀ ಬರೆದದ್ದು ಒಂದೇ ಶಬ್ದ: ಕಿರಿಕಿರಿ.

ಅದು ನಿನ್ನ ಶಬ್ದ ಅಲ್ಲ, ನಿಮ್ಮವ್ವಂದು.
ಒಂದ್ರೂಪಾಯಿ ಚಿಲ್ಲರ ಸಲುವಾಗಿ ಕಂಡಕ್ಟರನ ಕೂಡ
ಸಿಂದಗಿ ನಾಕಾದ ತನಕ ವಾದ ಮಾಡಿದಿ ಅಂತ,
ಲಗ್ನಪತ್ರಿಕ್ಯಾಗ ಬೀಗರ ಹೆಸರಿಗೆ ಒಂದು ಒತ್ತು ಬಿಟ್ಟೈತಿ ಅಂತ
ಮುನ್ನೂರೂ ಪತ್ರಿಕಿ ಪೆನ್ನಿಲೆ ತಿದ್ದಿದಿ ಅಂತ.
(ಮುನ್ನೂರಲ್ಲ, ಇನ್ನೂರಾ ತೊಂಬತ್ತಾರು.
ನಾಕು ಮೊದಲ ಹಂಚಿ ಬಂದಿದ್ವಿ.)

ನಿನ್ನಂಥವರಿಗೆ ಕೆಲಸ ಇಲ್ಲಂತ ಯಾರು ಹೇಳಿದ್ರು?
ಜಲನಗರದ ಲ್ಯಾಬಿನ್ಯಾಗ ರಕ್ತದ ಹನಿಗೆ ಕಣ್ಣು ಹಚ್ಚಿ
ಕಣ ಎಣಿಸೋ ಶಾಂತಾಬಾಯಿ ಅದಾಳ.
ಆಕಿ ಒಂದು ಸೊನ್ನಿ ತಪ್ಪಿದ್ರ
ಯಾವುದೋ ಮನಿ ರಾತ್ರಿಯೆಲ್ಲ ದೀಪ ಆರಿಸೂದಿಲ್ಲ.
ಸರ್ವೇ ಆಫೀಸಿನ ಇಮಾಮಹುಸೇನ ಬದುವಿನ ಕಲ್ಲು ಹುಡುಕಿ
ಇಬ್ಬರು ಅಣ್ತಮ್ಮರ ನಡುವ ಒಂದು ಗೇಣಿನ ನೆಲದಾಗ
ಕೊಡಲಿ ಕೆಳಗಿಡಿಸ್ಯಾನ.

ನಮ್ಮದು ತಕ್ಕಡಿ ರಿಪೇರಿ.
ನಿಮ್ಮಜ್ಜ ಮಾನಪ್ಪ ಇದೇ ಬಾಗಿಲಾಗ ಕುಂತು
ಉಸಿರು ಹಿಡಿದು ಮುಳ್ಳು ನೋಡ್ತಿದ್ದ. ಫ್ಯಾನ್ ಬಂದ್, ಮಾತು ಬಂದ್.
ಗುಮ್ಮಟಕ್ಕ ಹೊಂಟ ಟಾಂಗಾ ದಾಟೂತನಕ ಕಾಯ್ತಿದ್ದ,
ಗಾಲಿ ನಡುಗಿಸಿದ್ರ ಮುಳ್ಳೂ ನಡುಗತೈತಿ ಅಂತ.
ಒಣದ್ರಾಕ್ಷಿ ದಲಾಲ ಒಬ್ಬಾಂವ ಬಂದು
‘ಸ್ವಲ್ಪ ನನ್ನ ಕಡೆ ವಾಲಲಿ’ ಅಂದಾಗ ಅಪ್ಪ ಸಿಟ್ಟಾಗಲಿಲ್ಲ.
‘ಇದು ಮುಳ್ಳು, ಸಾವಕಾರ. ಚುಚ್ಚತೈತಿ’ ಅಂದ,
ತಕ್ಕಡಿ ಹೊಳ್ಳಿ ಕೊಟ್ಟ.

ಅಂಥಾಂವ ಒಮ್ಮೆ ತಪ್ಪಿದ.
ಮೂಲಿಮನಿ ಬೆಲ್ಲದಂಗಡಿಯ ಅರ್ಧ ಕಿಲೊ ಕಲ್ಲು.
ಅಡಿಯ ತೂತಿನ ಸೀಸ ಎರಡು ಗ್ರಾಂ ಹೆಚ್ಚು ಕೆರೆದುಬಿಟ್ಟ.
ಇನ್ಸ್‌ಪೆಕ್ಟರು ಊಟದ ಹೊತ್ತಿಗೆ ಬಂದಿದ್ರು,
ನೋಡದ ಮುದ್ರಿ ಒತ್ತಿದ್ರು.
ಮರುವರ್ಷ ಕಲ್ಲು ಕೈಗೆ ಬಂದಾಗ
ಅಪ್ಪನ ಅಂಗೈಗೇ ಗೊತ್ತಾಯ್ತು, ತಕ್ಕಡಿಗೆ ಇಡೂಕಿಂತ ಮೊದಲ.

ಯಾರಿಗೆ ಹೊಳ್ಳಿ ಕೊಡಬೇಕು?
ಬೆಲ್ಲ ಒಯ್ದವರು ಬಾಣಂತಿಯರು, ಹಮಾಲರು,
ಸಂಕ್ರಾಂತಿಗೆ ಬಂದ ಹೆಣ್ಮಕ್ಕಳು, ಹೆಸರಿಲ್ಲದವರು.
ರಾತ್ರಿ ಉಣ್ಣಲಿಲ್ಲ. ಮುಂಜಾನೆದ್ದು ಒಂದು ಹೆಂಟಿ ಬೆಲ್ಲ ತಂದು
ಈ ಕಟ್ಟಿ ಮ್ಯಾಲೆ ತಾಟಿನಾಗಿಟ್ಟ. ದಿನಾ ಐವತ್ತು ಗ್ರಾಂ, ತೂಗಿ.
ನೀರು ಕೇಳಿದವರಿಗೆ, ಸಾಲಿ ಹುಡುಗರಿಗೆ, ಟಾಂಗಾದ ಕುದುರಿಗೆ.
ಓಣಿ ಮಂದಿ ‘ಬೆಲ್ಲದ ಮಾನಪ್ಪ’ ಅಂದ್ರು, ಭಾಳ ಧಾರಾಳ ಮನಸಂದ್ರು.
ಧಾರಾಳ! ಆಂವಾ ಸಾಲ ತೀರಿಸ್ತಿದ್ದ.
ಹದಿನೇಳು ವರ್ಷ. ಸಾಯೂ ದಿನದ ತಾಟಿನ ಬೆಲ್ಲಕ್ಕ
ಇರುವಿ ಹತ್ತಿದ್ದು ನಾನೇ ಝಾಡಿಸೀನಿ.

ನಿನ್ನೆ ನಿನಗ ಇದನ್ನೆಲ್ಲ ಹೇಳಿದೆ. ಕಣ್ಣಾಗ ನೀರು ಬಂತೇನಂತ ನೋಡಿದೆ.
ನೀ ಪೆನ್ಸಿಲ್ ತಗೊಂಡಿ.
‘ಅತ್ತಿ, ಅಂಗಡಿ ಅಮಾಸಿಗೆ ಬಂದ್ ಇರ್ತಿತ್ತೇನು?’
ವರ್ಷಕ್ಕ ಮುನ್ನೂರೈವತ್ತು ದಿನ, ದಿನಕ್ಕ ನಲವತ್ತು ತೂಕ,
ಇಪ್ಪತ್ತೆಂಟು ಕಿಲೊ.
‘ಅಜ್ಜನ ಸಾಲ ಒಂದು ವರ್ಷ ಏಳು ತಿಂಗಳಿಗೇ ತೀರಿತ್ತು.
ಲೆಕ್ಕ ತಪ್ಪೈತಿ, ಅತ್ತಿ.’

ತಪ್ಪೈತಿ.
ಅಷ್ಟು ಲೆಕ್ಕ ಆಂವಗ ಬರ್ತಿರಲಿಲ್ಲೇನು, ವೈಜೂ?
ಹಾಳಿ ಇಲ್ಲೇ ಐತಿ, ಪೆನ್ನೂ ಐತಿ.
ಆ ಕಿರಿಕಿರಿ ಮೊದಲ ಹೊಡಿ.
ಕೆಳಗಿನ ಗೆರಿ ನಾಳೆ ನೋಡೂಣು.
ತಾಟು ತೊಳೆದಿಟ್ಟೀನಿ, ಹೊರಗ ಕುದುರಿ ನಿಂತೈತಿ.