ಪರಂಗಿ

ಬಂದ ಮೊದಲ ರಾತ್ರಿ
ಕೈತಪ್ಪಿ ಬಿದ್ದ ಬಿ.ಪಿ. ಗುಳಿಗೆ
ಬಿದ್ದಲ್ಲಿ ನಿಲ್ಲಲಿಲ್ಲ.
ಮಂಚದಡಿಯಿಂದ ಬಾಗಿಲಿಗೆ, ಬಾಗಿಲಿಂದ ಬೀರುವಿನ ಹಿಂದಕ್ಕೆ
ದಾರಿ ಗೊತ್ತಿದ್ದ ಹಾಗೆ ಉರುಳಿಹೋಯಿತು.

ಬೆಳಿಗ್ಗೆ ಮನೆಯೊಡತಿ ಒಬ್ದೂಲಿಯಾ
ಮೇಜಿನ ಕಾಲಿಗೆ ರಟ್ಟು ಮಡಚಿ ಕೊಡುತ್ತ
ಕೈಸನ್ನೆಯಲ್ಲೇ ಊರಿನ ಚರಿತ್ರೆ ಹೇಳಿದಳು:
ಅಂಗೈ ಎರಡೂ ಅಗಲಿಸಿ, ಕೆರೆ.
ಅದರ ಮೇಲೆ ಮುಷ್ಟಿ ಊರಿ, ಊರು.
ಆಮೇಲೆ ಮುಷ್ಟಿ ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ.
ಹೇಳಿ ನಕ್ಕಳು.
ವಾಲಿದ ಮನೆಯಲ್ಲಿ
ಲೋಟದೊಳಗಿನ ಕಾಫಿಯೊಂದೇ ಮಟ್ಟಸ.

ಮೆಕ್ಸಿಕೋ ನಗರಕ್ಕೆ ನಾನು ಬಂದದ್ದು ನೋಡಲಿಕ್ಕೆ.
ಚೀಲದಲ್ಲಿ ಪಟ್ಟಿಯಿತ್ತು: ಪಿರಮಿಡ್ಡು, ಗೋಡೆಚಿತ್ರ,
ಇಪ್ಪತ್ತನಾಲ್ಕು ಟನ್ನಿನ ಕಲ್ಲಿನ ಸೂರ್ಯ.
ಊರು ಮೊದಲು ಕಿವಿಗೆ ಸಿಕ್ಕಿತು.
ಹಳೆ ಹಾಸಿಗೆ, ಹಳೆ ಒಲೆ, ಹಳೆ ಕಬ್ಬಿಣ ಕೇಳುತ್ತ
ಗುಜರಿ ಗಾಡಿಯ ಧ್ವನಿವರ್ಧಕದೊಳಗೆ ಕೂತ ಹುಡುಗಿ;
ಸಾಣೆ ಹಿಡಿಯುವವನ ಗೇಣುದ್ದದ ಕೊಳಲು;
ಸಂಜೆ ಏಳಕ್ಕೆ ಹಬೆಯ ಸಿಳ್ಳು.
ರೈಲು ಹೊರಟಿತೆಂದು ಗಾಬರಿಯಿಂದ ಎದ್ದೆ.
ಹೊರಟದ್ದು ಬೇಯಿಸಿದ ಗೆಣಸಿನ ಗಾಡಿ.

ಓದು ಬಾರದವರಿಗೂ ತಿಳಿಯಲೆಂದು
ಇಲ್ಲಿ ಮೆಟ್ರೋದ ನಿಲ್ದಾಣಕ್ಕೊಂದು ಚಿತ್ರ.
ಮೂವತ್ತಾರು ವರ್ಷ ಅ ಆ ಇ ಈ ತಿದ್ದಿಸಿದವಳು
ಮಿಡತೆಯಲ್ಲಿ ಹತ್ತಿದೆ, ಬಾತುಕೋಳಿಯಲ್ಲಿ ಇಳಿದೆ.
ಪಕ್ಕದಲ್ಲಿದ್ದ ಹುಡುಗ
ನನ್ನ ಬೆರಳು ಹಿಡಿದು ನಕ್ಷೆಯ ಮೇಲೆ ತೋರಿಸಿದ,
ನಾನು ಎಷ್ಟೋ ಬೆರಳು ಹಿಡಿದ ಹಾಗೆಯೇ.

ಮೆರ್ಸೆದ್ ಮಾರುಕಟ್ಟೆ. ಒಣಮೆಣಸಿನ ಗುಡ್ಡಗಳು,
ಕಪ್ಪು, ಕಂದು, ಅಜ್ಜಿಯ ಕೆನ್ನೆಯಂತೆ ಸುಕ್ಕಾದದ್ದು.
ಕೆಮ್ಮು ಬಂತು. ಕೆಮ್ಮು ಮಾತ್ರ ಮನೆಯದೇ,
ಒಗ್ಗರಣೆ ಸೀದಾಗಿನದು.
ಹಣ್ಣಿನಂಗಡಿಯ ಚೋನಿತಾ ಬೆನ್ನು ತಟ್ಟಿ
ಲೋಟದಲ್ಲಿ ಏನೋ ಕಂದು ಪಾನಕ ಕೊಟ್ಟಳು.
"ಹುಣಸೆ!" ಕೂಗಿಯೇಬಿಟ್ಟೆ.
"ತಮರಿಂದೊ," ಎಂದಳು, ನಮ್ಮದು ಎಂದು ಎದೆ ಮುಟ್ಟಿ.
ನಾನು ಮೆಣಸಿನಕಾಯಿ ತೋರಿಸಿ ನನ್ನೆದೆ ಮುಟ್ಟಿಕೊಂಡೆ.
ಇಬ್ಬರದೂ ತಪ್ಪು. ಆದರೆ
ನಾನೂರು ವರ್ಷ ಅಡುಗೆಮನೆಯಲ್ಲಿ ಬೆಂದ ತಪ್ಪು.

ಚಿಕ್ಕು ಹಣ್ಣು ತೋರಿಸಿ ಚಿಕ್ಕು ಎಂದೆ.
ಹೌದು, ಚೀಕೋ! ಎಂದು ಹುಬ್ಬೇರಿಸಿದಳು.
ಅವಳ ಅಜ್ಜಿಯ ಅಜ್ಜಿಯ ಮಾತು
ನನ್ನ ಬಾಯಲ್ಲಿ ಇಷ್ಟು ದಿನ ಕೂತಿತ್ತೆಂದು
ನನಗೇನು ಗೊತ್ತು.

ಅಂಗಡಿಯ ಕೊನೆಗೆ, ಕೂಸಿನಷ್ಟು ದಪ್ಪ,
ಕಾಲು ಚಾಚಿ ಒರಗಿದ್ದವು ಪರಂಗಿ ಹಣ್ಣು.
ನಮ್ಮಲ್ಲಿ ಬಚ್ಚಲ ನೀರು ಕುಡಿದು,
ಗೋಡೆಗಿಂತ ಎತ್ತರ ಬೆಳೆದು,
ಎಷ್ಟು ತಲೆಮಾರು ಕಾಯಿ ಬಿಟ್ಟರೂ ಪರಂಗಿಯೇ.
ಇಲ್ಲಿ ಅದಕ್ಕೆ ತವರು.
ಪರಂಗಿ ಈಗ ನಾನು.

ಪಿರಮಿಡ್ಡನ್ನೂ ನೋಡಿದೆ. ದೊಡ್ಡದು.
ಮಂಡಿ ನೋವಿಗೆ ಒಬ್ದೂಲಿಯಾ ಯಾವುದೋ ಎಲೆ ಕಟ್ಟಿದಳು,
ಕಟ್ಟುತ್ತ ನನ್ನ ಹೆಸರು ಅಭ್ಯಾಸ ಮಾಡಿದಳು.
ಅಂಬುಯಾ. ಅಂಬು... ಯಾ. ತಲೆಯಾಡಿಸಿ, ಮತ್ತೆ ಮೊದಲಿನಿಂದ.
ಸಾಕು ಬಿಡಮ್ಮ, ಅಂಬು ಅನ್ನು ಎಂದರೆ ಕೇಳಲೊಲ್ಲಳು.
ನಾಲ್ಕನೆಯ ದಿನ, ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ,
ಅಂಬುಜಾಕ್ಷಿ, ಎಂದಳು.
ಪೂರ್ತಿ.

ಒಂದು ವರ್ಷ ನನ್ನ ತರಗತಿಯಲ್ಲಿ
ನೇಪಾಳದ ಕಾವಲುಗಾರನ ಮಗನಿದ್ದ, ತಿಲವಿಕ್ರಮ.
ಹಾಜರಿ ಪುಸ್ತಕದ ಅಂಕಣ ಚಿಕ್ಕದೆಂದು
ನಾನೇ ಕತ್ತರಿಸಿದ್ದೆ: ತಿಲಕ.
ಅವನು ಒಮ್ಮೆ ತಡೆದು, ಹಿಂದೆ ತಿರುಗಿ ನೋಡಿ,
ಆಮೇಲೆ ಆ ಹೆಸರಿಗೇ ಎದ್ದು ನಿಂತ.
ಆರು ತಿಂಗಳು.

ಹೊರಡುವ ಹಿಂದಿನ ರಾತ್ರಿ ಬೀರು ಸರಿಸಿದೆ.
ಗುಳಿಗೆ ಅಲ್ಲೇ ಇತ್ತು. ಜೊತೆಗೆ
ನೀಲಿ ಗುಂಡಿ, ಹರಿದ ಸರದ ಎರಡು ಮಣಿ,
ಯಾವ ದೇಶದ್ದೋ ತೂತಿನ ನಾಣ್ಯ.
ಮುಟ್ಟಲಿಲ್ಲ.
ಬೀರುವನ್ನು ಮತ್ತೆ ಗೋಡೆಗೆ ತಳ್ಳಿ
ದೀಪ ಆರಿಸಿ
ತಿಲವಿಕ್ರಮ, ಎಂದು ಹಾಜರಿ ಕರೆದೆ.