ಇದ್ದ ಹಾಗೆ

ಮಂಜೇಶ್ವರ ಬಂದರಿನ ಐಸ್ ಪ್ಲಾಂಟು, ರಾತ್ರಿ ಎರಡೂ ಕಾಲು.
ಅಮೋನಿಯಾ ಮೂಗಿಗಿಂತ ಮೊದಲು ಕಣ್ಣಿಗೆ ಬಡಿಯಿತು.
ಸಂಕಪ್ಪಣ್ಣ ಬೈರಾಸು ನೆನೆಸಿ ಬಾಯಿಗೆ ಕಟ್ಟಿ
ಕವಾಟ ತಿರುಗಿಸಿ ಬಂದಿದ್ದ.
ಕಂಪ್ರೆಸರಿನ ದನಿ ದಪ್ಪವಾದದ್ದು ಅವನ ಕಿವಿಗೆ ಗೊತ್ತಾಗಿತ್ತು,
ನನ್ನ ಪೆಟ್ಟಿಗೆಗೆ ಗೊತ್ತಾಗಲಿಲ್ಲ.
ಅದರ ಹಸಿರು ದೀಪ
ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇತ್ತು.

"ಒತ್ತಡ ಏರಿದರೆ ಕೂಗಬೇಕಲ್ಲ ಇದು?"
ಸೆನ್ಸರು ಕರೆದಿದೆ, ಸಂಕಪ್ಪಣ್ಣ.
ಅದರ ಸ್ವಂತ ಎಣಿಕೆಯಲ್ಲಿ ಹನ್ನೊಂದು ಸಲ.
ಪೆಟ್ಟಿಗೆಯ ಕಿವಿಗೆ ಮುಸುಕಿತ್ತು,
ತೆಗೆಯುವವರಿರಲಿಲ್ಲ.

ಹೇಗೆಂದರೆ,
ಮೇಲೆ ಕರ್ನಲ್, ಅದು ನನ್ನ ಬರಹ.
ಕೆಳಗೆ ಫರ್ಮ್‌ವೇರ್, ಚಿಪ್ಪಿನೊಡನೆ ಬಂದದ್ದು,
ತೃಶ್ಶೂರಿನ ಸಿನೋಜ್ ಬರೆದದ್ದು.
ಕೆಲಸವಿಲ್ಲದಾಗ ಒರಗುವ ಮುನ್ನ ನನ್ನದು
ಇಂಟರಪ್ಟಿನ ಆ ಗೆರೆಗೆ ಮುಸುಕೆಳೆದು
ಕೆಳಗಿನವನಿಗೆ ಹೇಳುತ್ತದೆ: ಸ್ವಲ್ಪ ಹೊತ್ತು ನೀನು ನೋಡಿಕೋ.
ಅವನು ತನಗೆ ಸಿಕ್ಕಿದ ಸ್ಥಿತಿಯನ್ನು ಬರೆದಿಟ್ಟು,
ತನ್ನ ಕೆಲಸ ಮುಗಿಸಿ,
ಬರೆದಿಟ್ಟದ್ದನ್ನೇ ಮರಳಿಸುತ್ತಾನೆ,
ಮುಸುಕು ಸಮೇತ.
ಪ್ರಾಮಾಣಿಕ.
ನಾನೋ, ಅವನು ತೆರೆದೇ ಕೊಡುತ್ತಾನೆಂದು
ಒಂದು ಸಾಲು ಬರೆಯದೆ ಬಿಟ್ಟವಳು.

ಎರಡೂ ಮುಕ್ಕಾಲಿಗೆ ಸಿನೋಜನನ್ನು ಎಬ್ಬಿಸಿದೆ.
ಅವನ ಮಲಯಾಳ, ಮಲಯಾಳವೆಂದು ನಾನಾಡುವ ಕನ್ನಡ.
"ಮುಚ್ಚಿದವರು ನೀವು."
"ಕೊನೆಗೆ ಮುಟ್ಟಿದವನು ನೀನು."
ಅವನ ಕಡೆ ಮಗುವೊಂದು ಅತ್ತಿತು.
ಒಂದು ನಿಮಿಷ ಎಂದು ಎದ್ದುಹೋದ.
ಫೋನು ಕಿವಿಗಿಟ್ಟುಕೊಂಡೇ ನಿಂತೆ.

ಕುಂಜತ್ತೂರು ಶಾಲೆ, ಮೂರನೆಯ ಕ್ಲಾಸು.
"ಬಾಯಿಗೆ ಬೆರಳು" ಎಂದ ಪ್ರೇಮಾವತಿ ಟೀಚರು
ಆಫೀಸಿಗೆ ಹೋದರು.
ಬಂದದ್ದು ಹೆಡ್ಮಾಸ್ಟರು.
ಶಿಸ್ತು ನೋಡಿ ತಲೆದೂಗಿ, ಹಾಜರಿ ಬರೆದು,
ಹಾಗೇ ಹೊರಟರು.
ಮೂರನೇ ಬೆಂಚಿನ ಹಸೈನಾರ್ ಒಂದಕ್ಕೆ ಹೋಗಲು
ಕೈ ಎತ್ತಿದ, ಇಳಿಸಿದ, ಎತ್ತಿದ.
ಎಷ್ಟು ಸಲ ಎತ್ತಿದರೂ ಕೈ ಒಂದೇ;
ಮುಸುಕಿನಾಚೆ ನಿಂತವರ ಲೆಕ್ಕ ಯಾವತ್ತೂ ಹಾಗೆ,
ಹನ್ನೊಂದು ಕರೆಗೂ ಒಂದೇ ಗುರುತು.
ಬೆಂಚಿನಡಿ ಒದ್ದೆಯಾಯಿತು.
ನಾವು ನಕ್ಕೆವು,
ತುಟಿಯ ಮೇಲೆ ಬೆರಳಿಟ್ಟುಕೊಂಡೇ.

ತಿದ್ದಲು ಎರಡು ಸಾಲು ಸಾಕಿತ್ತು.
ಮೊದಲು ಬರೆದೆ: ಬಂದ ಕೂಡಲೇ ತೆರೆ.
ಅಳಿಸಿದೆ.
ನನಗಿಂತ ಮುಂಚೆ ಯಾರೋ ಬೇಕೆಂದೇ ಮುಚ್ಚಿರಬಹುದು,
ಒಳಗೆ ಅರ್ಧ ಕೂಡಿಸಿದ ಲೆಕ್ಕವಿಟ್ಟುಕೊಂಡು.
ಒಳ್ಳೆಯವಳಾಗಲು ಹೋಗಿ ಬಾಗಿಲು ತೆರೆದರೆ
ಅವರ ಲೆಕ್ಕ ಚೆಲ್ಲಿಹೋಗುತ್ತದೆ.
ಆಮೇಲೆ ಬರೆದದ್ದು:
ಮುಚ್ಚುವ ಮೊದಲು ಹೇಗಿತ್ತೆಂದು ಬರೆದಿಡು.
ಬಂದ ಮೇಲೆ ಹಾಗೇ ಇಡು.

ಇನ್ನೊಂದನ್ನು ಸಂಕಪ್ಪಣ್ಣನಿಗೆ ಹೇಳಲಿಲ್ಲ.
ನನ್ನ ಮುಸುಕಿಗೆ ಸಿಗದ ಕೆಲವು ಕರೆಗಳಿವೆ,
ನನ್ನನ್ನು ದಾಟಿ ನೇರ ಕೆಳಗಿಳಿಯುತ್ತವೆ.
ಆಗ ಯಾರೋ ನನ್ನ ಕೈಯ ಕೆಲಸ ಎತ್ತಿಟ್ಟು
ತಮ್ಮದು ಮುಗಿಸಿ ಮತ್ತೆ ಕೈಗಿಡುತ್ತಾರೆ.
ನನಗೇನೂ ತಿಳಿಯುವುದಿಲ್ಲ.
ಗಡಿಯಾರ ಮಾತ್ರ ಕೂದಲೆಳೆಯಷ್ಟು ಮುಂದಿರುತ್ತದೆ,
ಮನೆಗೆ ಯಾರೋ ಬಂದುಹೋದ ಮೇಲೆ
ಚೊಂಬು ತುಸು ಸರಿದಿರುವ ಹಾಗೆ.

ನಾಲ್ಕೂವರೆಗೆ ಪರೀಕ್ಷೆಯ ಸ್ವಿಚ್ಚು ಒತ್ತಿದ.
ಕೂಗಿತು.
ಬಂದರಿನ ನಾಯಿಗಳೆಲ್ಲ ಕೂಗಿದವು,
ದೋಣಿಯಲ್ಲಿ ಮಲಗಿದ್ದವನೊಬ್ಬ
ತುಳುವಿನಲ್ಲಿ ನಮ್ಮ ಅಜ್ಜಿಯರನ್ನೆಲ್ಲ ನೆನೆದ.
ಸಂಕಪ್ಪಣ್ಣ ಏನೋ ಅಂದ, ಬಟ್ಟೆಯೊಳಗಿನಿಂದ,
ಕೇಳಿಸಲಿಲ್ಲ.
ವಾಸನೆ ಹೋಗಿ ಗಂಟೆಯ ಮೇಲಾಗಿತ್ತು.
ಬೈರಾಸು ಇನ್ನೂ ಬಾಯಿಗೇ ಇತ್ತು.
ಬಿಚ್ಚಬಹುದೆಂದು
ನಾನು ಹೇಳಬೇಕಿತ್ತೇನೋ.